ಕಾಕು ನೋಡಿದ ಕುದುರೆ ಸಿನಿಮಾ

"ಇದು ಯಾವಗಲ್ ಕಡೀದೇನ್ರಿ ಅಕ್ಕಾರ?"

ಕಾಕು ಹೀಗೆ ಕೇಳಿದಾಗ ನಾನು ನರಗುಂದದ ಅವರ ಮನೆಯ ಮಾಳಿಗೆ ಮೇಲಿನ ಬಾಡಿಗೆ ಕೋಣೆಯಲ್ಲಿ ಕೂತು ಒಂದು ಹಳೆಯ ಅಮೆರಿಕನ್ ಸಿನಿಮಾ ನೋಡುತ್ತಿದ್ದೆ. ಭಾನುವಾರದ ಮಧ್ಯಾಹ್ನ. ಒಣಹಾಕಿದ ಶಾವಿಗೆಯನ್ನು ತಿರುವಿ ಹಾಕಲು ಮೇಲೆ ಬಂದಿದ್ದ ಅವರು ಬಾಗಿಲಲ್ಲಿ ನಿಂತಿದ್ದರು. ಲ್ಯಾಪ್‌ಟಾಪಿನ ಪರದೆಯ ತುಂಬ ಬಯಲು. ಗಿಡವಿಲ್ಲ, ಮನೆಯಿಲ್ಲ. ಆಕಾಶ ಮುಕ್ಕಾಲು, ನೆಲ ಕಾಲು. ಆ ನೆಲದ ಅಂಚಿನಲ್ಲಿ ಕುದುರೆಯ ಮೇಲೆ ಒಬ್ಬ ಮನುಷ್ಯ ಇರುವೆಯಷ್ಟು ಸಣ್ಣದಾಗಿ ಕಾಣುತ್ತಿದ್ದ.

"ಇದು ಅಮೆರಿಕಾರಿ ಕಾಕು," ಅಂದೆ.

"ಹೌದ? ನನಗ ನಮ್ಮ ತವರೂರ ಹೊಲ ಕಂಡಂಗಾತು," ಎಂದು ಅವರು ಅಲ್ಲೇ ಹೊಸ್ತಿಲ ಮೇಲೆ ಕೂತರು. ಶಾವಿಗೆ ತಿರುವುವುದು ಅಂದು ಮರೆತೇಹೋಯಿತು.

ಕಾಕು ಹೋದ ತಿಂಗಳು ತೀರಿಕೊಂಡರು. ಅವರ ಮಗಳು ಫೋನ್ ಮಾಡಿ ಹೇಳಿದಳು. ಅಂದಿನಿಂದ ಅವರು ನೆನಪಾದಾಗಲೆಲ್ಲ ನನಗೆ ಕಾಣುವುದು ಹಾಗೆ ಹೊಸ್ತಿಲ ಮೇಲೆ ಕೂತ ಭಂಗಿಯೇ. ಒಂದು ಮೊಣಕಾಲು ಮೇಲೆ, ಅದರ ಮೇಲೆ ಗದ್ದ. ಕುರ್ಚಿ ಕೊಟ್ಟರೆ, "ಅದರ ಮ್ಯಾಲ ಕುಂತ್ರ ಯಾರದೋ ಮನಿಗೆ ಬಂದಂಗ ಆಗತೈತಿ" ಅನ್ನುತ್ತಿದ್ದರು. ಅದು ಅವರದೇ ಮನೆ.

ನಾನು ಆಗ ನರಗುಂದದ ಒಂದು ಹೈಸ್ಕೂಲಿನಲ್ಲಿ ಕಲಿಸುತ್ತಿದ್ದೆ. ಕಾಕು ಅಂದರೆ ಚಿಕ್ಕಮ್ಮ, ಆದರೆ ಅವರು ನನ್ನ ಸಂಬಂಧಿಕರೇನಲ್ಲ. ಆ ಓಣಿಯಲ್ಲಿ ಎಲ್ಲರೂ ಅವರನ್ನು ಕಾಕು ಎಂದೂ ಅವರ ಯಜಮಾನರನ್ನು ಕಾಕಾ ಎಂದೂ ಕರೆಯುತ್ತಿದ್ದುದರಿಂದ ನನಗೂ ಅದೇ ರೂಢಿಯಾಯಿತು. ಕಾಕಾ ಅವರದು ಪೇಟೆಯಲ್ಲಿ ಹಳೆಯ ಬಟ್ಟೆ ಅಂಗಡಿ, ಅವರ ಅಜ್ಜನ ಕಾಲದಿಂದ ಬಂದದ್ದು. ಮದುವೆ ಸೀರೆ ಎಂದರೆ ಸುತ್ತಲಿನ ಹಳ್ಳಿಯವರು ಅಲ್ಲಿಗೇ ಬರುತ್ತಿದ್ದರು. ಕಾಕಾ ಮಾತಿನ ಮನುಷ್ಯ. ಗಿರಾಕಿ ಮೆಟ್ಟಿಲು ಹತ್ತುವುದರೊಳಗೆ ಅವರ ಊರು, ಬೀಗರು, ಈ ವರ್ಷದ ಹತ್ತಿ, ಎಲ್ಲ ವಿಚಾರಿಸಿ ಮುಗಿಸಿರುತ್ತಿದ್ದರು.

ಅಂಥ ಮಾತುಗಾರನ ಮನೆಯಲ್ಲಿ ಗಂಡ ಹೆಂಡತಿಯ ನಡುವೆ ಮಾತಿಲ್ಲ ಎಂಬುದು ನನಗೆ ತಿಳಿದದ್ದು ನಾನು ಅಲ್ಲಿಗೆ ಹೋದ ವಾರದಲ್ಲೇ. ಬಾಡಿಗೆಯ ಮಾತು ಮುಗಿಸಿ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದೆ. ಕಾಕಾ ಎದುರಿಗೇ ಇದ್ದರು. ಅಡುಗೆಮನೆಯಿಂದ ಬಂದ ಕಾಕು ನನ್ನ ಮುಖ ನೋಡಿ, "ಅಕ್ಕಾರ, ಅಂಗಡಿಯವರಿಗೆ ಹೇಳ್ರಿ, ಜೋಳ ಮುಗದಾವು" ಅಂದರು. ಕಾಕಾ ಕೂಡ ನನ್ನ ಮುಖವನ್ನೇ ನೋಡಿ, "ನಾಳಿ ಚೀಲ ಬರತೈತಿ ಅಂತ ಹೇಳ್ರಿ" ಅಂದರು. ಇಬ್ಬರ ನಡುವೆ ಎರಡು ಮಾರು ಅಂತರವೂ ಇರಲಿಲ್ಲ. ನಾನು ತಮಾಷೆ ಇರಬೇಕೆಂದು ನಕ್ಕೆ. ಇಬ್ಬರೂ ನಗಲಿಲ್ಲ. ನಾನಿಲ್ಲದಾಗ ಈ ಮಾತುಗಳನ್ನು ಪಡಸಾಲೆಯ ಕಂಬ ಕೇಳಿಸಿಕೊಳ್ಳುತ್ತಿತ್ತು. ಜಗಳವಿಲ್ಲ, ಬೈಗುಳವಿಲ್ಲ. ಹೊತ್ತಿಗೆ ಸರಿಯಾಗಿ ಊಟ, ಇಸ್ತ್ರಿ ಮಾಡಿದ ಧೋತರ, ಜ್ವರ ಬಂದರೆ ಕಷಾಯ. ಮಾತೊಂದು ಮಾತ್ರ ಇಲ್ಲ.

ಕಾರಣವನ್ನು ಕಾಕು ತಾವಾಗಿಯೇ ಒಂದು ದಿನ ಹೇಳಿದರು. ಅವರಿಗಿದ್ದವಳು ಒಬ್ಬಳೇ ಮಗಳು. ಕಾಲೇಜಿನಲ್ಲಿ ಜೊತೆಗೆ ಓದಿದ ಗಜೇಂದ್ರಗಡದ ನೇಕಾರರ ಮನೆಯ ಹುಡುಗನನ್ನು ಮೆಚ್ಚಿ ಮದುವೆಯಾದಳು. ಮನೆಯಲ್ಲಿ ಕೇಳಿಯೇ ಆಗಬೇಕೆಂದು ಒಂದು ವರ್ಷ ಕಾದಳಂತೆ. ಕಾಕಾ ಒಪ್ಪಲಿಲ್ಲ. ಮದುವೆಯಾದ ಮೇಲೆ ನೆಂಟರು, ಅಣ್ಣತಮ್ಮಂದಿರು ಎಲ್ಲ ಸೇರಿದ ಸಭೆಯಲ್ಲಿ, "ಆಕಿ ನಮ್ಮ ಪಾಲಿಗಿಲ್ಲ. ಈ ಮನ್ಯಾಗಿಂದ ಯಾರು ಆ ಮನಿ ಹೊಸ್ತಿಲ ತುಳೀತಾರ, ಅವರು ತಿರಿಗಿ ಈ ಹೊಸ್ತಿಲಕ್ಕ ಬರೂದು ಬ್ಯಾಡ" ಎಂದುಬಿಟ್ಟರು. ಅದು ಯಾರಿಗೆ ಹೇಳಿದ ಮಾತೆಂಬುದು ಎಲ್ಲರಿಗೂ ಗೊತ್ತಿತ್ತು. ಅಂಗಡಿಯಲ್ಲಿದ್ದ ಗಜೇಂದ್ರಗಡದ ಕೈಮಗ್ಗದ ಸೀರೆಗಳನ್ನೂ ಅದೇ ವಾರ ತೆಗೆಸಿಹಾಕಿದರು.

"ಅವರು ಮಗಳ ಕೂಡ ಮಾತು ಬಿಟ್ರು. ನಾ ಅವರ ಕೂಡ ಬಿಟ್ಟೆ," ಎಂದರು ಕಾಕು. ಮಗಳ ಜೊತೆ ಅವರು ಮಾತಾಡುತ್ತಿದ್ದುದು ಮಾಳಿಗೆಯ ಮೇಲಿಂದ, ಫೋನಿನಲ್ಲಿ, ಅದೂ ಶಾವಿಗೆ ಸಂಡಿಗೆಯ ನೆಪದಲ್ಲಿ. ಮಗಳಿಗೆ ಹೆಣ್ಣುಕೂಸು ಹುಟ್ಟಿ ಅದು ನಡೆಯಲು ಕಲಿತರೂ ಅವರು ಹೋಗಿ ನೋಡಿರಲಿಲ್ಲ. ಹೋದರೆ ತಿರುಗಿ ಬರುವ ದಾರಿ ಇಲ್ಲ. ಆ ವಯಸ್ಸಿನಲ್ಲಿ ಮಗಳ ಅತ್ತೆಮನೆಗೆ ಹೊರೆಯಾಗಲು ಅವರಿಗೆ ಮನಸ್ಸಿರಲಿಲ್ಲ. ಗಂಡನನ್ನು ಬಿಡಲೂ ಮನಸ್ಸಿರಲಿಲ್ಲ. ಇದು ನನಗೆ ಆಗ ಸರಿಯಾಗಿ ಅರ್ಥವಾಗಿರಲಿಲ್ಲ.

ಸಿನಿಮಾದ ಕತೆ ಸಣ್ಣದು. ದನ ಸಾಕಿಕೊಂಡಿರುವ ನಡುವಯಸ್ಸಿನ ಒಬ್ಬ ಮನುಷ್ಯ. ಹೆಂಡತಿ, ಒಂದು ಮರದ ಮನೆ. ದನಗಳನ್ನು ಹೊಡೆದುಕೊಂಡು ಬಯಲು ದಾಟಿ ದೂರದ ಊರಿಗೆ ಹೋಗಿ ಬಿಟ್ಟು ಬರಬೇಕು. ಹೊರಟ ಮೇಲೆ ತಿಳಿಯುತ್ತದೆ, ಹಿಂದೆ ಯಾರೋ ಬರುತ್ತಿದ್ದಾರೆ ಎಂದು. ಆ ಸವಾರ ಮೊದಲು ಬರೀ ಒಂದು ಚುಕ್ಕೆ. ಇವನು ನಿಂತರೆ ಅದೂ ನಿಲ್ಲುತ್ತದೆ. ಅರ್ಧ ಸಿನಿಮಾ ಆ ಚುಕ್ಕೆ ಹತ್ತಿರವೇ ಬರುವುದಿಲ್ಲ. ಬಂದಾಗ ತಿಳಿಯುತ್ತದೆ, ಹಿಂದೊಮ್ಮೆ ಇವನ ಕೈಯಲ್ಲಿ ಸತ್ತವನ ತಮ್ಮ ಅವನು. ಇಬ್ಬರೂ ಬೆಂಕಿಯ ಎದುರು ಕೂತು ಕಾಫಿ ಕುಡಿಯುತ್ತಾರೆ. ಬೆಳಗಾಗುತ್ತದೆ. ಒಂದು ದಿಬ್ಬದ ಆಚೆಗೆ ಇಬ್ಬರೂ ನಡೆದುಹೋಗುತ್ತಾರೆ. ನಮಗೆ ಕಾಣುವುದು ಈಚೆಗೆ ಕಟ್ಟಿದ ಕುದುರೆಗಳು ಮಾತ್ರ. ಒಂದು ಗುಂಡಿನ ಸದ್ದು. ಕುದುರೆಗಳ ಕಿವಿ ನಿಮಿರುತ್ತವೆ. ಕೊನೆಯಲ್ಲಿ ಮನೆಯ ಮುಂದೆ ನಿಂತ ಹೆಂಡತಿಗೆ ದೂರದಿಂದ ಒಬ್ಬ ಸವಾರ ಬರುವುದು ಕಾಣುತ್ತದೆ. ಅವನ ಮುಖ ಗುರುತು ಹತ್ತುವ ಮೊದಲೇ ಸಿನಿಮಾ ಮುಗಿಯುತ್ತದೆ.

ಕುದುರೆ, ಬಂದೂಕು, ಟೊಪ್ಪಿಗೆಯ ಸಿನಿಮಾ ಎಂದರೆ ಢಮಢಮ ಎಂದುಕೊಂಡವರಿಗೆ ಇದು ಸಹನೆಯ ಪರೀಕ್ಷೆ. ನನಗೆ ಅದನ್ನು ಕೊಟ್ಟ ಗೆಳತಿಯೇ, "ನಡುವೆ ಓಡಿಸಿಕೊಂಡು ನೋಡು" ಎಂದಿದ್ದಳು. ಅವನು ಮನೆಯಿಂದ ಹೊರಡುವ ದೃಶ್ಯವೇ ಬಹಳ ಉದ್ದ. ಹಿನ್ನೆಲೆ ಸಂಗೀತವಿಲ್ಲ, ಮಾತಿಲ್ಲ. ಜೀನು ಬಿಗಿಯುತ್ತಾನೆ, ನೀರಿನ ಚೀಲ ತುಂಬುತ್ತಾನೆ, ಬೇಲಿಯ ಗೇಟು ಹಾಕಿ ಸ್ವಲ್ಪ ದೂರ ಹೋಗಿ, ಮತ್ತೆ ತಿರುಗಿ ಬಂದು ಗೇಟು ಸರಿಯಾಗಿ ಬಿದ್ದಿದೆಯೋ ನೋಡುತ್ತಾನೆ. ಮುಂದಿನ ಭಾನುವಾರ ಮೊದಲಿನಿಂದ ತೋರಿಸಲು ಕಾಕು ಕೇಳಿದಾಗ, ಅವರಿಗೆ ಬೇಸರವಾದೀತೆಂದು ನಾನು ಅಲ್ಲಿ ಓಡಿಸಲು ಹೋದೆ.

"ಓಡಸಬ್ಯಾಡ್ರಿ," ಅಂದರು ಕಾಕು. "ಅಂವ ಹೊಂಟಾನ. ಹೋಗಲಿ ಬಿಡ್ರಿ."

ಕೈ ತೆಗೆದೆ. ಆಮೇಲೆ ಮಾತುಗಳನ್ನು ಕನ್ನಡದಲ್ಲಿ ಹೇಳಲು ಶುರುಮಾಡಿದೆ. ಅದನ್ನೂ ನಿಲ್ಲಿಸಿದರು. "ನೀವು ಹೇಳಾಕ ಹತ್ತಿದ್ರ ನನಗ ನೋಡಾಕ ಆಗೂದಿಲ್ರಿ. ಅವರೂ ಭಾಳೇನ ಮಾತಾಡವಲ್ರು."

ಹಸನು ಮಾಡಲೆಂದು ಮೊರದಲ್ಲಿ ಜೋಳ ತಂದಿದ್ದರು. ಸುಮ್ಮನೆ ಕೂರುವುದು ಆ ಮನೆಯ ಹೆಂಗಸರಿಗೆ ರೂಢಿಯಿಲ್ಲ. ಆದರೆ ಸ್ವಲ್ಪ ಹೊತ್ತಿಗೆ ಜೋಳದ ಮೇಲೆ ಬೆರಳು ನಿಂತುಬಿಟ್ಟಿದ್ದವು. ಮುಗಿದ ಮೇಲೆ ಏನಾದರೂ ಅನ್ನುತ್ತಾರೆಂದು ಕಾದೆ. ಸೆರಗು ಕೊಡವಿ ಎದ್ದು, "ನೀರಿನ ಚೀಲ ತುಂಬಕೊಂಡ. ಕುದರಿಗೂ ಕುಡಿಸಿದ. ಆಕೀಗೆ ನೀರು ಯಾರು ತುಂಬವರು?" ಎಂದು ಕೇಳಿ ಕೆಳಗಿಳಿದು ಹೋದರು. ನಾನು ನಗುತ್ತ ಕೂತೆ. ಎಷ್ಟೋ ಸಲ ಆ ಸಿನಿಮಾ ನೋಡಿದ್ದರೂ ಆ ಮನೆಯ ಬಾವಿ ಎಲ್ಲಿದೆಯೆಂದು ನಾನು ಯೋಚಿಸಿರಲಿಲ್ಲ.

ಆಮೇಲೆ ಅದು ನಮ್ಮ ಭಾನುವಾರದ ರೂಢಿಯಾಯಿತು. ಬೇರೆ ಸಿನಿಮಾ ಹಾಕಿದರೆ ಸ್ವಲ್ಪ ನೋಡಿ, "ಇವರಿಗೆ ಯಾಕ್ರಿ ಇಷ್ಟ ಅವಸರ" ಎಂದು ಎದ್ದುಹೋಗುತ್ತಿದ್ದರು. ಅವಸರ ಎಂದರೆ ಅವರಿಗೆ ಆಗುತ್ತಿರಲಿಲ್ಲ. ಕುಕ್ಕರ್ ಇಟ್ಟುಕೊಂಡಿರಲಿಲ್ಲ. ಅದು ಸೀಟಿ ಹೊಡೆದರೆ ಯಾರೋ ಬೈದ ಹಾಗೆ ಅನಿಸುತ್ತದಂತೆ. ಕುದುರೆ ಸಿನಿಮಾವನ್ನು ಮಾತ್ರ ತುಂಡು ತುಂಡಾಗಿ ಮತ್ತೆ ಮತ್ತೆ ನೋಡಿದರು. ಒಂದು ವಾರ ಬೆಂಕಿಯ ಎದುರು ಕೂತ ಇಬ್ಬರನ್ನು, ಇನ್ನೊಂದು ವಾರ ದನಗಳು ಒಣಗಿದ ಹಳ್ಳ ದಾಟುವುದನ್ನು. ಗುಂಡು ಯಾರು ಹೊಡೆದರೆಂದು ಅವರು ಕೇಳಲೇ ಇಲ್ಲ. "ಕುದರಿ ಕಿವಿ ನಿಗರಿಸಿದ್ವಲ್ಲ, ಸಾಕು" ಅಂದರು.

ಅವರ ಪಕ್ಕ ಕೂತು ನೋಡುತ್ತ ನನಗೂ ಆ ನಿಧಾನದ ರುಚಿ ಹತ್ತಿತು. ಅಲ್ಲಿಯವರೆಗೆ ಅದು ಹಳೆಯ ಕಾಲದವರ ಶೈಲಿ, ಹಾಗಾಗಿ ಸಹಿಸಿಕೊಳ್ಳಬೇಕು ಎಂದುಕೊಂಡಿದ್ದೆ. ಆ ಸಿನಿಮಾ ನಮ್ಮನ್ನು ಕಾಯಿಸುತ್ತದೆ, ನಿಜ. ಆದರೆ ಕಾಯುವಾಗ ಏನು ನೋಡಬೇಕೆಂದು ಹೇಳುವುದಿಲ್ಲ. ಹಾಗಾಗಿ ಎಲ್ಲವನ್ನೂ ನೋಡುತ್ತೇವೆ. ಗಾಳಿಗೆ ಅಲುಗುವ ತಂತಿ, ಹೆಂಡತಿ ಕೈ ಒರೆಸಿಕೊಳ್ಳುವ ರೀತಿ, ಧೂಳು ಕೂರಲು ಹಿಡಿಯುವ ಹೊತ್ತು. ಒಂದು ಗುಂಡಿನ ಸದ್ದಿಗೆ ಅಷ್ಟು ಭಾರ ಬರುವುದು ಅದಕ್ಕೆ ಮೊದಲಿನ ಮೌನದಿಂದ. ಮನೆಯಲ್ಲಿ ಮೌನ ಹಿಡಿದು ಕೂತ ಕಾಕು ಅದನ್ನು ನನಗಿಂತ ಮೊದಲು ಹಿಡಿದಿದ್ದರು.

ಕೊನೆಯ ದೃಶ್ಯದ ಬಗ್ಗೆ ಮಾತ್ರ ನಮ್ಮಿಬ್ಬರಿಗೆ ವಾದ. ಬಂದವನು ಗಂಡನೇ ಎಂದು ನನ್ನ ಪಕ್ಷ. ಕಾಕು ತಲೆಯಾಡಿಸಿದರು.

"ಯಾರು ಬಂದಾರಂತ ಆಕೀಗೆ ಗೊತ್ತಾಗಿಲ್ರಿ. ಗೊತ್ತಾಗೂ ತನಕಾ ನಿಂತಾಳಲ್ಲ, ಒಳಗ ಓಡಿಹೋಗಿಲ್ಲ, ಅದು ನನಗ ಸೇರತೈತಿ."

ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ಭಾನುವಾರ ಅವರು ಮೊದಲಿನ ಭಾಗವನ್ನೇ, ಅವನು ಮನೆಯಿಂದ ಹೊರಡುವುದನ್ನೇ ಹಾಕಲು ಹೇಳಿದರು. ಮುಗಿದ ಮೇಲೆ ಇನ್ನೊಮ್ಮೆ ಅಂದರು. ಆಮೇಲೆ, "ಮನಿ ಬಿಟ್ಟು ಹೋಗೋದು ಅಂದ್ರ ನಾ ನೋಡಿದ್ದೆಲ್ಲ ಸಿಟ್ಟೀಲೆ ಹೋಗೋದರಿ. ಬಾಗಲಾ ದೊಪ್ಪಂತ ಹಾಕೋದು, ಅಳೋದು, ಕರಿಯೋದು. ಹಿಂಗ ಸಿಟ್ಟಿಲ್ಲದ ಹೋಗಬಹುದು ಅಂತ ಗೊತ್ತಿರಲಿಲ್ಲ" ಅಂದರು. ಎದ್ದು ನಿಂತು, "ಬರೂ ವಾರ ನಾ ಗಜೇಂದ್ರಗಡಕ್ಕ ಹೋಗಾಕಿ. ಬಸ್‌ಸ್ಟ್ಯಾಂಡಿನ ತನಕ ಬರ್ತೀರೇನು?" ಎಂದು ಕೇಳಿದರು.

"ಗಜೇಂದ್ರಗಡದ ತನಕ ಬರ್ತೀನ್ರಿ," ಅಂದೆ. ಹೇಳಿದ ಮೇಲೆ ನನಗೆ ಭಯವಾಯಿತು. ತಿರುಗಿ ಬಂದಾಗ ಈ ಮನೆಯ ಬಾಗಿಲು ಅವರಿಗೆ ಮುಚ್ಚಿದ್ದರೆ?

ಅವರ ತಯಾರಿ ವಾರವಿಡೀ ನಡೆಯಿತು, ಮುಚ್ಚುಮರೆಯಿಲ್ಲದೆ. ಖಡಕ್ ರೊಟ್ಟಿ ಬಡಿದು ಬಟ್ಟೆಯಲ್ಲಿ ಸುತ್ತಿಟ್ಟರು. ಶೇಂಗಾ ಚಟ್ನಿ, ಅಗಸಿ ಚಟ್ನಿ ಕುಟ್ಟಿದರು. ಕಾಕಾನ ಧೋತರಗಳನ್ನು ಮಡಿಸಿ ಕಣ್ಣಿಗೆ ಕಾಣುವ ಹಾಗೆ ಮುಂದೆ ಇಟ್ಟರು. ನೀರಿನ ಹಂಡೆ ತುಂಬಿಸಿದರು. ಕಾಕಾ ಎಲ್ಲವನ್ನೂ ನೋಡುತ್ತಿದ್ದರು. ಊಟಕ್ಕೆ ಕೂತಾಗ ಕಂಬದ ಕಡೆಗೂ ಮಾತಿಲ್ಲ.

ಹೊರಡುವ ದಿನ ಬೆಳಗ್ಗೆ ಕಾಕಾ ಅಂಗಡಿಗೆ ಹೋಗದೆ ಪಡಸಾಲೆಯಲ್ಲೇ ಕೂತಿದ್ದರು. ಕಾಕು ಚೀಲ ಹಿಡಿದು ಬಂದು ಅವರ ಮುಂದೆ ನಿಂತರು. ನನ್ನ ಕಡೆ ನೋಡಲಿಲ್ಲ. ಅವರನ್ನೇ ನೋಡಿ ಹೇಳಿದರು:

"ನಾ ಮಗಳ ಮನಿಗೆ ಹೊಂಟೀನಿ. ಸೋಮವಾರ ಬರ್ತೀನಿ. ಬಾಗಲಾ ತಗಿಯೋದು ಬಿಡೋದು ನಿಮಗ ಬಿಟ್ಟದ್ದು."

ಹೆಂಡತಿಯ ಬಾಯಿಂದ ಕಾಕಾ ವರ್ಷಗಳ ಮೇಲೆ ಕೇಳಿದ ಮೊದಲ ನೇರ ಮಾತು ಅದು. ಅವರು ತಡಬಡಿಸಿ ರೂಢಿಯಂತೆ ನನ್ನ ಕಡೆ ತಿರುಗಿದರು. "ಅಕ್ಕಾರ, ಅವರಿಗೆ ಹೇಳ್ರಿ—"

"ನೀವ ಹೇಳ್ರಿ ಕಾಕಾ," ಅಂದೆ.

ಅವರು ಹೇಳಲಿಲ್ಲ. ಕಾಕು ಸ್ವಲ್ಪ ಹೊತ್ತು ಕಾದರು. ಆಮೇಲೆ ಚಪ್ಪಲಿ ಮೆಟ್ಟಿದರು.

ಬಸ್ಸು ಯಾವಗಲ್ ದಾಟುವಾಗ ತಮ್ಮ ತವರಿನ ಹೊಲಗಳ ಕಡೆ ನೋಡಿದರು. ಕಡಲೆ ಕಿತ್ತ ಎರೆಹೊಲ ಬರಿದಾಗಿ ಆಕಾಶದವರೆಗೆ ಹೋಗಿತ್ತು. ರೋಣದಲ್ಲಿ ಬಸ್ಸು ಬದಲಿಸಿದೆವು. ಗಜೇಂದ್ರಗಡದ ಗುಡ್ಡ ಕಂಡಾಗ ಮಾತ್ರ ಚೀಲವನ್ನು ಎರಡೂ ಕೈಯಿಂದ ಹಿಡಿದುಕೊಂಡರು.

ಮಗಳ ಮನೆಯ ಓಣಿಯಲ್ಲಿ ಮಗ್ಗದ ಸದ್ದು ಮನೆಮನೆಯಿಂದ ಬರುತ್ತಿತ್ತು. ಬಾಗಿಲು ತೆರೆದೇ ಇತ್ತು. ಮಗಳು ಮಗ್ಗದ ಕುಣಿಯಲ್ಲಿ ಕೂತಿದ್ದಳು. ಹಾಸಿನ ಉದ್ದನೆಯ ಎಳೆಗಳಲ್ಲಿ ಒಂದು ಕಡಿದಿರಬೇಕು, ಬಗ್ಗಿ ಅದನ್ನು ಗಂಟು ಹಾಕುತ್ತಿದ್ದಳು. ಬಾಗಿಲಿನ ಬೆಳಕು ಮರೆಯಾದದ್ದಕ್ಕೆ ತಲೆ ಎತ್ತಿದಳು. ತಾಯಿಯನ್ನು ನೋಡಿದಳು. ಎದ್ದು ಬರುತ್ತಾಳೆ, ಓಡಿ ಬರುತ್ತಾಳೆ ಎಂದುಕೊಂಡೆ. ಅವಳು ಎಳೆಯನ್ನು ಬಿಡಲಿಲ್ಲ.

"ಎಳಿ ಕಡದೈತಿ ಬೇ," ಅಂದಳು.

"ಕಟ್ಟವಾ, ಕಟ್ಟು. ನನಗೇನ ಅವಸರಿಲ್ಲ," ಅಂದರು ಕಾಕು.

ಗಂಟು ಕೂರಲಿಲ್ಲ. ಮತ್ತೆ ಹಾಕಿದಳು, ಮತ್ತೆ ಜಾರಿತು. ಕಾಕು ನಿಂತೇ ಇದ್ದರು. ಕೊನೆಗೆ ಗಂಟು ಬಿತ್ತು. ಆಮೇಲೆ ಮಗಳು ಎಳೆಗಳ ಮೇಲೆ ಹಣೆಯಿಟ್ಟು ಅತ್ತಳು. ಒಳಗಿನಿಂದ ಒಂದು ಸಣ್ಣ ಹುಡುಗಿ ಬಂದು, ಇವರು ಯಾರು ಎನ್ನುವ ಹಾಗೆ ನಮ್ಮಿಬ್ಬರನ್ನೂ ನೋಡಿತು.

ನಾನು ಅಂದೇ ಸಂಜೆ ನರಗುಂದಕ್ಕೆ ಮರಳಿದೆ. ಕಾಕಾ ಬಾಗಿಲಲ್ಲಿ ಕೂತಿದ್ದರು. ನಾನು ಮಾಳಿಗೆ ಹತ್ತಿದೆ. ಭಾನುವಾರ ಮಧ್ಯಾಹ್ನ ಮಾಳಿಗೆಯ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾಯಿತು. ನಾನು ಆ ಮನೆಯಲ್ಲಿದ್ದಷ್ಟು ಕಾಲ ಕಾಕಾ ಮೇಲೆ ಬಂದದ್ದು ಅದೇ ಮೊದಲು.

"ಅದೇನೋ ಕುದರಿ ಪಿಕ್ಚರ್ ನೋಡತಿದ್ರಲ್ರಿ ನೀವಿಬ್ಬರೂ," ಅಂದರು. "ಹಾಕ್ರಿ, ನೋಡೂಣು."

ಅವರು ಕುರ್ಚಿಯಲ್ಲೇ ಕೂತರು. ಗಿರಾಕಿಯ ಜೊತೆ ಮಾತಾಡಿದ ಹಾಗೆ ಪರದೆಯ ಜೊತೆ ಮಾತಾಡಿದರು. "ಹೋಗಪಾ ಲಗೂನ." "ಏನೂ ಆಗವಲ್ದಲ್ರಿ." "ಆ ಗೇಟ್ ಹಾಕಿದ್ದ, ಮತ್ಯಾಕ ಬಂದ?" ನಡುವೆ ಒಂದಿಷ್ಟು ತೂಕಡಿಸಿದರು ಕೂಡ. ಚುಕ್ಕೆ ಹತ್ತಿರ ಬರತೊಡಗಿದಾಗ ಮಾತು ನಿಂತಿತು. ಕೊನೆಯಲ್ಲಿ ಹೆಂಡತಿ ಬಯಲಿನ ಕಡೆ ನೋಡುತ್ತ ನಿಂತದ್ದು ಬಂದಾಗ ಮುಂದಕ್ಕೆ ಬಾಗಿದರು. ಪರದೆ ಕಪ್ಪಾಯಿತು.

"ಮುಗೀತಾ? ಯಾರು ಬಂದ್ರು ಹಂಗಾರ?"

"ತೋರಿಸಿಲ್ರಿ ಕಾಕಾ."

"ನಮ್ಮ ಮನಿಯಾಕಿ ಏನಂತಾಳ?"

"ಅದನ್ನ ನೀವ ಕೇಳಬೇಕ್ರಿ."

ಅವರು ಬಹಳ ಹೊತ್ತು ಏಳಲಿಲ್ಲ.

ಸೋಮವಾರ ನಾನು ಶಾಲೆಯಿಂದ ಬರುವಷ್ಟರಲ್ಲಿ ಕಾಕು ಬಂದಾಗಿತ್ತು. ಬಾಗಿಲು ತೆರೆದಿತ್ತಂತೆ, ಮನೆಯಲ್ಲಿ ಯಾರೂ ಇರಲಿಲ್ಲವಂತೆ. ಒಳಗೆ ಬಂದು, ಕೈಕಾಲು ತೊಳೆದು, ಒಲೆ ಹಚ್ಚಿದರಂತೆ. ಸಂಜೆ ಕಾಕಾ ಅಂಗಡಿಯಿಂದ ಬಂದು ಪಡಸಾಲೆಯಲ್ಲಿ ಕೂತರು. ನಾನು ಹಾಲಿನ ಪಾತ್ರೆ ಕೊಡಲು ಕೆಳಗೆ ಹೋಗಿದ್ದೆ. ಮೇಲೆ ಹೋಗಿಬಿಡಬೇಕೆಂದರೆ ಮೆಟ್ಟಿಲು ಅವರಿಬ್ಬರ ನಡುವೆ ಇತ್ತು. ಕಾಕು ಚಹಾ ತಂದು ಇಟ್ಟರು. ಕಾಕಾ ಬಸಿಯಲ್ಲಿ ಸುರಿದುಕೊಂಡರು, ಕುಡಿಯಲಿಲ್ಲ. ಕಾಕುವಿನ ಮುಖ ನೋಡಿ ಕೇಳಿದರು:

"ಆ ಪಿಕ್ಚರ್‌ನ್ಯಾಗ ಕಡೀಕ ಬಂದಾಂವ ಯಾರು?"

ಕಾಕು ತಿರುಗಿ ಅವರನ್ನೇ ಕೇಳಿದರು: "ನಿಮಗ ಯಾರು ಬರಬೇಕಾಗಿತ್ತು?"

ಕಾಕಾ ಬಸಿ ನೆಲಕ್ಕಿಟ್ಟು ಕಣ್ಣಿಗೆ ಧೋತರದ ಅಂಚು ಒತ್ತಿಕೊಂಡರು. ಆಮೇಲೆ, "ಕೂಸಿಗೆ ಹಲ್ಲು ಬಂದಾವೇನು?" ಅಂದರು.

"ಹಲ್ಲು ಬಂದು ಎಲ್ಲಿ ಕಾಲಾತು. ಈಗ ಮಾತಾಡತೈತಿ," ಅಂದರು ಕಾಕು.

ಎಲ್ಲವೂ ಒಂದೇ ದಿನದಲ್ಲಿ ಸರಿಹೋಯಿತೆಂದೇನೂ ಅಲ್ಲ. ಮಗಳು ಮೊದಲ ಸಲ ಬಂದಾಗ ಕಾಕಾ ಅಂಗಡಿಯಿಂದ ಬರಲು ಬೇಕೆಂದೇ ತಡಮಾಡಿದರು. ಅಳಿಯನ ಜೊತೆ ಮಾತಾಡಲು ಇನ್ನೊಂದು ದೀಪಾವಳಿ ಬೇಕಾಯಿತು. ಗಜೇಂದ್ರಗಡದ ಸೀರೆಯನ್ನಂತೂ ಅಂಗಡಿಗೆ ಮತ್ತೆ ತರಿಸಲೇ ಇಲ್ಲ. ಅದರ ಬಗ್ಗೆ ಕಾಕು ಏನೂ ಅನ್ನಲಿಲ್ಲ. ಮಗಳು ನೇಯ್ದ ಸೀರೆ ಉಟ್ಟುಕೊಂಡು ಅಂಗಡಿಗೆ ಊಟದ ಡಬ್ಬಿ ಒಯ್ಯುತ್ತಿದ್ದರು. "ಈ ಸೀರಿ ಎಲ್ಲೀದ್ರಿ?" ಎಂದು ಗಿರಾಕಿಗಳು ಕೇಳಿದರೆ, "ಅವರನ್ನ ಕೇಳ್ರಿ" ಎಂದು ಕಾಕಾನ ಕಡೆ ತೋರಿಸಿ ಬಂದುಬಿಡುತ್ತಿದ್ದರು.

ಮರುವರ್ಷ ನನಗೆ ರೋಣಕ್ಕೆ ವರ್ಗವಾಯಿತು. ಕಾಕುವನ್ನು ಕೊನೆಯ ಸಲ ನೋಡಿದ್ದು ಅಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ, ಅವರು ತೀರಿಕೊಳ್ಳುವ ಕೆಲವು ತಿಂಗಳ ಮೊದಲು. ಗಜೇಂದ್ರಗಡದ ಬಸ್ಸಿಗಾಗಿ ಕಾಕು, ಕಾಕಾ ಇಬ್ಬರೂ ಕಾಯುತ್ತಿದ್ದರು. ಮೊಮ್ಮಗಳಿಗೆ ಶಾಲೆಗೆ ರಜೆ ಇದೆಯಂತೆ. ಕಾಕು ತೆಳ್ಳಗಾಗಿದ್ದರು, ಎರಡು ಮಾತಿಗೊಮ್ಮೆ ಉಸಿರು ಕಟ್ಟುತ್ತಿತ್ತು. ಕಾಕಾ ಬಸ್ಸು ತಡವಾದದ್ದು, ನೀರಿನ ಬಾಟಲಿ ಮರೆತದ್ದು, ಬಿಸಿಲು, ಎಲ್ಲದರ ವರದಿಯನ್ನೂ ಕಾಕುವಿಗೇ ಒಪ್ಪಿಸುತ್ತಿದ್ದರು.

"ಈಗ ಮಾತು ಭಾಳ ಆಗ್ಯಾವ್ರಿ ಅಕ್ಕಾರ," ಎಂದು ಕಾಕು ನನ್ನ ಕಿವಿಯ ಹತ್ತಿರ ಹೇಳಿದರು. "ಒಮ್ಮೊಮ್ಮೆ ಮದಲಿಂದೇ ಚಲೋ ಇತ್ತು ಅನಸ್ತೈತಿ."

ಬಸ್ಸು ಬಂತು. ಕಾಕಾ ಮೊದಲು ಹತ್ತಿ ಟವೆಲ್ ಹಾಕಿ ಕಿಟಕಿಯ ಸೀಟು ಹಿಡಿದು, ಕಾಕುವನ್ನು ಅಲ್ಲಿ ಕೂರಿಸಿದರು. ನಾನು ಕೆಳಗೆ ನಿಂತು ಕೈ ಎತ್ತಿದೆ. ಕಾಕು ನೋಡಲಿಲ್ಲ. ಬಸ್ಸು ಹೊರಟಾಗ ಕಾಕಾ ಏನೋ ಹೇಳುತ್ತಿದ್ದರು, ಅವರು ಅತ್ತ ತಿರುಗಿ ಕೇಳುತ್ತಿದ್ದರು.